ಸೂರ್ಯನಿಗೂ ಕರೆಂಟ್ ಬೇಕು

ಮೊಬೈಲ್‌ಗೆ ಮೆಸೇಜ್ ಬಂತು. ನಿರ್ವಹಣಾ ಕಾಮಗಾರಿ ನಿಮಿತ್ತ ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು. ನಮ್ಮ ಕಡೆ ಕರೆಂಟ್ ತೆಗೆಯುವವರು ಪಂಚಾಂಗ ನೋಡಿಯೇ ತೆಗೆಯುತ್ತಾರೆ. ಬಿಸಿಲು ಏರಿದ ಮೇಲೆ ಲೈನ್ ಆಫ್, ಬಿಸಿಲು ಇಳಿದ ಮೇಲೆ ಆನ್.

"ನಿಮಗೇನು ಬಿಡಿ ಮೇಷ್ಟ್ರೇ, ಸೋಲಾರ್ ಇದೆ" ಎಂದೆ ಪಕ್ಕದ ಮನೆಯವರಿಗೆ. ಅವರು 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ತಾರಸಿ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 78,000 ರೂಪಾಯಿ ಸಬ್ಸಿಡಿ ಪಡೆದು 3 ಕಿಲೋವ್ಯಾಟ್ ಹಾಕಿಸಿದ್ದಾರೆ.

ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡರು. "ಕರೆಂಟ್ ಹೋದ್ರೆ ಸೋಲಾರೂ ಹೋಗುತ್ತೆ ಕಣಯ್ಯಾ."

ಬ್ಯಾಟರಿ ಇಲ್ಲದ, ಕಂಬದ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಅಂದರೆ ಹಾಗೇ. ಕಂಬದಲ್ಲಿ ಕರೆಂಟ್ ನಿಂತರೆ ಪ್ಯಾನೆಲ್ ಕರೆಂಟನ್ನು ಮನೆಗೆ ಹೊಂದಿಸುವ ಇನ್ವರ್ಟರ್ ಕೂಡ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ತಾರಸಿಯ ಕರೆಂಟ್ ಲೈನಿಗೆ ಹರಿದು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ನ್ಯಾಯವಾದ ಕಾರಣವೇ, ಯಾರೂ ಇಲ್ಲ ಅನ್ನುವಂತಿಲ್ಲ. ಆದರೆ ಈ ಮಾತನ್ನು ಪ್ಯಾನೆಲ್ ಕೂರಿಸುವ ಮುಂಚೆ ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಸಬ್ಸಿಡಿಯ ಲೆಕ್ಕ ಮಾತ್ರ ಮೂರು ಸಲ ಹೇಳಿದ್ದರಂತೆ.

ಹಾಗಾದರೆ ನಾವೇ ಬ್ಯಾಟರಿ ಇಟ್ಟು ಮಾಡೋಣ ಎಂದು ನನ್ನ ಭಾವಮೈದ ಹೊರಟ. ಹದಿನೈದು ದಿನ ವಿಡಿಯೋ ನೋಡಿದ್ದಾನೆ, ಈಗ ಅವನೇ ಇಂಜಿನಿಯರ್. ಮೊದಲು ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದು ನೋಡಬೇಕಂತೆ. ಖರ್ಚನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಆಯಿತು. ನಮ್ಮ ಬಿಲ್ ತೆಗೆದು ನೋಡಿದ. 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ. 200 ಯೂನಿಟ್ ಮಿತಿಯೊಳಗೇ ಇದ್ದೇವೆ, ಬಿಲ್ ಸೊನ್ನೆ. ಒಂದೂವರೆ ಲಕ್ಷವನ್ನು ಸೊನ್ನೆಯಿಂದ ಭಾಗಿಸಿದ. ಕ್ಯಾಲ್ಕುಲೇಟರ್ 'ಎರರ್' ಅಂದಿತು. ಇಡೀ ಯೋಜನೆಯಲ್ಲಿ ನಮಗೆ ನಿಜ ಹೇಳಿದ್ದು ಅದೊಂದೇ.

ಒಂದು ಸರ್ಕಾರ ಕರೆಂಟ್ ನೀನೇ ಮಾಡಿಕೋ ಎಂದು ದುಡ್ಡು ಕೊಡುತ್ತದೆ. ಇನ್ನೊಂದು ಸರ್ಕಾರ ನೀನ್ಯಾಕೆ ಮಾಡ್ತೀಯ, ಸುಮ್ನೆ ಇರು ಎಂದು ಪುಕ್ಕಟೆ ಕರೆಂಟ್ ಕೊಡುತ್ತದೆ. ಇಬ್ಬರೂ ಕೊಡುವವರೇ. 10ರಿಂದ 5ರವರೆಗೆ ಮಾತ್ರ ಇಬ್ಬರೂ ಇರುವುದಿಲ್ಲ.

ಸ್ವಂತ ಕೈಯಲ್ಲಿ ಮಾಡಿಕೊಂಡರೆ ಸಬ್ಸಿಡಿಯೂ ಇಲ್ಲ. ನೋಂದಾಯಿತ ಮಾರಾಟಗಾರರೇ ಹಾಕಬೇಕು, ಗ್ರಿಡ್‌ಗೇ ಜೋಡಿಸಬೇಕು. ಅಂದರೆ ಕತ್ತಲಲ್ಲಿ ಕೂರುವ ಮೇಷ್ಟ್ರ ಸೋಲಾರಿಗೆ ದುಡ್ಡುಂಟು, ಬೆಳಕು ಕೊಡುವ ನಮ್ಮ ಸ್ವಂತದ್ದಕ್ಕೆ ಇಲ್ಲ.

ಇರಲಿ ಎಂದು ಮುಂದುವರಿದೆವು. 12 ವೋಲ್ಟ್, 150 ಆಂಪಿಯರ್ ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್, ಅಂದರೆ 1.8 ಯೂನಿಟ್. ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಅದರ ಆಯಸ್ಸು ಕಡಿಮೆ, ಹಾಗಾಗಿ 0.9 ಯೂನಿಟ್. ನಮ್ಮ 2,000 ವ್ಯಾಟ್ ಗೀಸರ್ ಅದನ್ನು ಅರ್ಧ ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಭಾವಮೈದ ಎಂಟು ಬ್ಯಾಟರಿ ಎಂದ. ದೇವರ ಮನೆ ಖಾಲಿ ಮಾಡಿದರೆ ಹಿಡಿಸುತ್ತವಂತೆ.

"ಕರೆಂಟ್ ಇಲ್ಲದಾಗ ಗೀಸರ್ ಯಾಕ್ರೀ? ಎರಡು ಬಲ್ಬು, ಒಂದು ಫ್ಯಾನು, ವೈಫೈ. ಇಷ್ಟು ಸಾಕಲ್ವಾ?" ಎಂದಳು ನನ್ನ ಹೆಂಡತಿ. ಹದಿನೈದು ದಿನದ ವಿಡಿಯೋದಲ್ಲಿ ಈ ಮಾತು ಇರಲಿಲ್ಲ.

ಕೊನೆಗೆ ಒಂದೇ ಪ್ಯಾನೆಲ್, ಒಂದೇ ಬ್ಯಾಟರಿ, ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ಕಾಯುವ ಚಾರ್ಜ್ ಕಂಟ್ರೋಲರ್, ಸಣ್ಣ ಇನ್ವರ್ಟರ್. ಪ್ಯಾನೆಲ್ ಮೇಲೆ ತೆಂಗಿನ ಗರಿಯ ನೆರಳು ಬಿದ್ದು ಕರೆಂಟ್ ಇಳಿದಾಗ ಮನೆಯವರೆಲ್ಲ ತಾರಸಿಗೆ ಓಡುತ್ತೇವೆ, ಅಷ್ಟು ಬಿಟ್ಟರೆ ತೊಂದರೆಯಿಲ್ಲ.

ಮುಂದಿನ ಮೆಸೇಜ್ ಬಂದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಗೇಟು ಸದ್ದಾಯಿತು. ಮೇಷ್ಟ್ರು, ಕೈಯಲ್ಲಿ ಫೋನು, ಚಾರ್ಜರ್. "ಒಂದರ್ಧ ಗಂಟೆ ಹಾಕ್ಕೊಳ್ಳಲಾ?" ಅವರ ತಾರಸಿಯ ಮೇಲೆ ಆರು ದೊಡ್ಡ ಪ್ಯಾನೆಲ್‌ಗಳು ಬಿಸಿಲು ಕಾಯಿಸುತ್ತಾ ಮಲಗಿದ್ದವು.