ಮೂರನೇ ವಾರ ಬಂದು ಕೇಳಿ, ಆಗ ಕೊಡ್ತೀನಿ ಸ್ಟಾರ್

ಇದನ್ನು ಬರೆಯುವಾಗಲೂ ನನ್ನ ಎಡ ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇದೆ. ಕಾರಣ ಒಂದು ಫಿಟ್‌ನೆಸ್ ಆ್ಯಪ್. 'ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು' ಅಂತ ಹೊಗಳಿಸಿಕೊಂಡದ್ದು. 4.8 ಸ್ಟಾರ್ ಇರುವಂಥದ್ದು.

ಎರಡು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ, 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತ ಹಾಗೆ ಅಂದರು ಡಾಕ್ಟರ್. ಸದ್ಯ ಗುಳಿಗೆ ಬೇಡ, ದಿನಾ ನಡೆಯಿರಿ, ಸ್ವಲ್ಪ ವ್ಯಾಯಾಮ ಮಾಡಿ ಅಂದರು. ನನಗೆ 43 ವರ್ಷ. ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ದಿನಕ್ಕೆ ಎಂಟು ತಾಸು ಕುರ್ಚಿಯ ಮೇಲೆ. ಶಾಲೆ ಬಿಟ್ಟ ಮೇಲೆ ವ್ಯಾಯಾಮ ಅಂತ ಏನೂ ಮಾಡಿದವಳಲ್ಲ. 'ಹೊಸಬರು' ಅಂದರೆ ನನ್ನಂಥವರೇ ಅಲ್ವಾ?

ಲೆಕ್ಕದವಳು ನಾನು, ಹಾಗಾಗಿ ಲೆಕ್ಕ ಹಾಕಿಯೇ ಆರಿಸಿದೆ. 'ಹೊಸಬರಿಗೆ ಟಾಪ್ 10 ಆ್ಯಪ್' ಅನ್ನುವ ಪಟ್ಟಿಗಳನ್ನು ಓದಿದೆ, ವಿಡಿಯೊ ನೋಡಿದೆ. ಒಂದಕ್ಕೆ 4.6, ಇನ್ನೊಂದಕ್ಕೆ 4.7, ಮತ್ತೊಂದಕ್ಕೆ 4.8. ಎಷ್ಟು ವಿಡಿಯೊ ಇವೆ, ಯಾವ ವಾಚಿಗೆ ಜೋಡಿಸಬಹುದು, ಬಣ್ಣ ಹೇಗಿದೆ, ಎಲ್ಲ ಹೇಳುತ್ತಾರೆ. ಮೊದಲ ದಿನ ನಿಮ್ಮ ಕೈಲಿ ಏನು ಮಾಡಿಸುತ್ತದೆ ಅಂತ ಒಬ್ಬರೂ ಹೇಳುವುದಿಲ್ಲ. ಹೊಸಬರಿಗೆ ಬೇಕಾದದ್ದು ಅದೊಂದೇ.

ಪಡಸಾಲೆಯಲ್ಲಿ ಚಾಪೆ ಹಾಸಿದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಆ್ಯಪ್ ನನ್ನ ಎತ್ತರ ಕೇಳಿತು, ತೂಕ ಕೇಳಿತು, ಹೊಟ್ಟೆ ಕರಗಿಸಬೇಕೋ ತೋಳೋ ಅಂತ ಚಿತ್ರ ತೋರಿಸಿ ಕೇಳಿತು. ಮೊಣಕಾಲು ನೋವಿದೆಯಾ ಅಂತ ಕೇಳಲಿಲ್ಲ. ಬಿಪಿ ಇದೆಯಾ, ತಲೆ ಸುತ್ತುತ್ತದಾ, ಎದೆ ನೋವು ಬಂದದ್ದುಂಟಾ, ಒಂದನ್ನೂ ಕೇಳಲಿಲ್ಲ. ಇದನ್ನೆಲ್ಲ ಕೇಳುವ ಏಳು ಪ್ರಶ್ನೆಗಳ ಫಾರ್ಮ್ ಒಂದು ಎಷ್ಟೋ ವರ್ಷಗಳಿಂದ ಇದೆ. ಪಾರ್-ಕ್ಯೂ ಅಂತಾರೆ. ಕೆನಡಾದವರು ಮಾಡಿದ್ದು. ಏಳೇ ಪ್ರಶ್ನೆ! ಹೊಟ್ಟೆಯ ಚಿತ್ರ ಹಾಕಲು ಜಾಗ ಇದ್ದವರಿಗೆ ಇದಕ್ಕೆ ಜಾಗ ಇರಲಿಲ್ಲ.

'ಬಿಗಿನರ್' ಅಂತ ಒತ್ತಿದೆ. 30 ಸೆಕೆಂಡ್ ಕೈಕಾಲು ಅಗಲಿಸಿ ಜಿಗಿತ. 10 ಸೆಕೆಂಡ್ ಬಿಡುವು. ಮತ್ತೆ 30 ಸೆಕೆಂಡ್ ಕುಕ್ಕರಗಾಲಲ್ಲಿ ಕೂತು ಮೇಲೆ ಜಿಗಿಯುವುದು. ಆಮೇಲೆ ನೆಲಕ್ಕೆ ಕೈ ಊರಿ, ಕಾಲು ಹಿಂದಕ್ಕೆ ಎಸೆದು, ಎದ್ದು ಮತ್ತೆ ಜಿಗಿತ. ನಮ್ಮತ್ತೆ ಅಡುಗೆಮನೆಯಿಂದ ಓಡಿ ಬಂದರು. 'ಏನವಾ ಇದು, ಯಾಕ ಹಿಂಗ ಜಿಗದಾಡಾಕತ್ತಿ? ಮೊಣಕಾಲಿನ ಚಿಪ್ಪು ಹೋದೀತು, ಸಾಕ ಬಿಡು' ಅಂದರು. ನಾನು ಕೇಳಲಿಲ್ಲ. ಲಕ್ಷಾಂತರ ಜನ ಸ್ಟಾರ್ ಕೊಟ್ಟಿದ್ದಾರೆ, ಅವರಿಗಿಂತ ಅತ್ತೆಗೆ ಜಾಸ್ತಿ ಗೊತ್ತಾ ಅಂದುಕೊಂಡೆ. ನಾಲ್ಕನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಎಲುಬಿನ ಡಾಕ್ಟರ್ ನೋಡಿ, ವರ್ಷಗಟ್ಟಲೆ ಕೂತ ದೇಹಕ್ಕೆ ಮೊದಲ ದಿನವೇ ಜಿಗಿತ ಯಾರು ಹೇಳಿದ್ದು ಅಂತ ನನ್ನನ್ನೇ ಗದರಿದರು.

ಹೊಸಬರಿಗೆ ಹೇಗೆ ಕಲಿಸಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ. ಜೋಶ್ ಕ್ಲಾರ್ಕ್ ಅನ್ನುವವರು 1996ರಲ್ಲೇ 'ಕೌಚ್ ಟು 5ಕೆ' ಅಂತ ಒಂದು ಕ್ರಮ ಮಾಡಿದರು, ಕೂತೇ ಇದ್ದವರನ್ನು 5 ಕಿಲೋಮೀಟರ್ ಓಡುವ ಹಾಗೆ ಮಾಡಲು. ಮೊದಲ ವಾರ 5 ನಿಮಿಷ ನಡಿಗೆ, ಆಮೇಲೆ 60 ಸೆಕೆಂಡ್ ಮೆಲ್ಲಗೆ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರೇ ದಿನ. 9 ವಾರ ಹೀಗೆ ಸ್ವಲ್ಪ ಸ್ವಲ್ಪ ಏರುತ್ತಾ ಹೋಗುತ್ತದೆ. ಹೊಸಬರಿಗೆ ಅಂದರೆ ಹೀಗಿರಬೇಕು. ಈ ಆ್ಯಪಿನವರು ಹೊಸಬರಿಗೆ ಅನ್ನುವುದು ಜಿಮ್ಮಿನ ಹುಡುಗರ ವ್ಯಾಯಾಮವನ್ನೇ ಅರ್ಧ ತಾಸಿನಿಂದ ಹತ್ತು ನಿಮಿಷಕ್ಕೆ ಇಳಿಸಿ.

ಈಗ ಸ್ಟಾರಿನ ವಿಷಯ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ.

ಮೊದಲ ದಿನದ ವ್ಯಾಯಾಮ ಮುಗಿದ ತಕ್ಷಣ ಪರದೆ ತುಂಬ ಬಣ್ಣದ ಚೂರು ಉದುರಿದವು. 'ಶಭಾಷ್' ಅಂತ ಬಂತು. ಅದರ ಬೆನ್ನಿಗೇ 'ನಮ್ಮ ಆ್ಯಪ್ ಇಷ್ಟವಾಯಿತೇ?' ಏದುಸಿರು ಬಿಡುತ್ತಾ ನಿಂತಿದ್ದೆ. ಏನೋ ಸಾಧಿಸಿದ ಖುಷಿ. ಹೌದು ಅಂತ ಒತ್ತಿದೆ. ಸೀದಾ ಪ್ಲೇ ಸ್ಟೋರಿಗೆ ಕರೆದುಕೊಂಡು ಹೋಯಿತು. ಐದು ಸ್ಟಾರ್ ಕೊಟ್ಟೆ. ಕಾಲು ನೋವು ಶುರುವಾದ ಮೇಲೆ ಅನುಮಾನ ಬಂದು ಅತ್ತೆಯ ಫೋನಿನಲ್ಲೂ ಅದೇ ಆ್ಯಪ್ ಹಾಕಿ ನೋಡಿದೆ. ಅದೇ ಪ್ರಶ್ನೆ ಬಂತು. ಈ ಸಲ ಇಲ್ಲ ಅಂತ ಒತ್ತಿದೆ. ಪ್ಲೇ ಸ್ಟೋರ್ ಬರಲೇ ಇಲ್ಲ. 'ನಿಮ್ಮ ಸಲಹೆ ನಮಗೆ ಬರೆದು ಕಳಿಸಿ' ಅಂತ ಅವರದೇ ಒಂದು ಡಬ್ಬಿ ತೆರೆಯಿತು. ಹೊಗಳಿದರೆ ಊರಿಗೆಲ್ಲ ಕಾಣುತ್ತದೆ, ಬೈದರೆ ಅವರ ಮನೆಯೊಳಗೇ ಉಳಿಯುತ್ತದೆ. ಆ 4.8 ಹುಟ್ಟುವುದು ಹೀಗೆ. ನಾನು ನಂಬಿದ್ದು ನನ್ನ ಹಾಗೆಯೇ ಮೊದಲ ದಿನದ ಖುಷಿಯಲ್ಲಿ ಒತ್ತಿದವರ ಬೆರಳನ್ನು. ಕಾಲು ನೋವಾಗಿ ಬಿಟ್ಟವರು ವಾಪಸ್ ಬಂದು ಬರೆಯುವುದಿಲ್ಲ. ಪಟ್ಟಿ ಮಾಡುವವರು ಇದೇ ಸ್ಟಾರನ್ನು ಎತ್ತಿ ಹಾಕಿ, ಹೋಲಿಸಿ ನೋಡಿದ್ದೇವೆ ಅನ್ನುತ್ತಾರೆ.

ಎರಡನೇ ಆ್ಯಪಿನಲ್ಲಿ ಕನ್ನಡ ಇತ್ತು. ಅತ್ತೆಗೆ 66. ಕುರ್ಚಿಯ ಮೇಲೆ ಕೂತು ಮಾಡುವ ವ್ಯಾಯಾಮ ಇದೆ ಅಂತ ಹಾಕಿಕೊಟ್ಟೆ. ಕಾಲು ನೀಟಾಗಿ ಚಾಚಿ ಎತ್ತಿ ಹಿಡಿಯುವುದು. ಅಷ್ಟರಲ್ಲಿ ಪರದೆಯ ಮೇಲೆ 'ಉಳಿದ 10 ಸೆಕೆಂಡುಗಳು' ಅಂತ ಬಂತು. ಇನ್ನೂ ಹತ್ತು ಸೆಕೆಂಡ್ ಉಳಿದಿದೆ ಅಂದುಕೊಂಡು ಅತ್ತೆ ಕಾಲು ಎತ್ತೇ ಹಿಡಿದರು. ಮುಖ ಕೆಂಪಾಗಿತ್ತು, ಕೈ ಕುರ್ಚಿಯ ಹಿಡಿಕೆಯ ಮೇಲೆ ನಡುಗುತ್ತಿತ್ತು. ಪ್ರತಿ ಸಲವೂ ಹಾಗೇ ಆಯಿತು. ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ ನೋಡಿದಾಗ ಗೊತ್ತಾಯಿತು, ಅಲ್ಲಿದ್ದದ್ದು 'ರೆಸ್ಟ್'. ಇಂಗ್ಲಿಷಿನಲ್ಲಿ ಉಳಿದದ್ದು ಅನ್ನುವುದಕ್ಕೂ ಅದೇ ಪದ. ವಿಶ್ರಾಂತಿ ತಗೊಳ್ಳಿ ಅನ್ನುವುದನ್ನು ಯಂತ್ರಕ್ಕೆ ಕೊಟ್ಟು 'ಉಳಿದ' ಅಂತ ಮಾಡಿಟ್ಟಿದ್ದಾರೆ. ಕನ್ನಡ ಬಲ್ಲ ಒಬ್ಬರೇ ಒಬ್ಬರಿಗೆ ಒಂದು ಸಲ ತೋರಿಸಿದ್ದರೂ ಹೇಳುತ್ತಿದ್ದರು. ಪಟ್ಟಿಯಲ್ಲಿ ಮಾತ್ರ 'ಭಾರತೀಯ ಭಾಷೆಗಳಲ್ಲಿ ಲಭ್ಯ' ಅಂತ ಅದಕ್ಕೆ ಒಂದು ಅಂಕ ಜಾಸ್ತಿ. ನಾನು ಕೊಡುವುದು ಸೊನ್ನೆ.

ಮೂರನೆಯದು ಹೆಜ್ಜೆ ಎಣಿಸುವಂಥದ್ದು. ಭಾನುವಾರ ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ನಿಂತೇ ಇದ್ದೆ. ಕಸ, ಬಟ್ಟೆ, ರೊಟ್ಟಿ, ಮಹಡಿ ಹತ್ತಿ ಇಳಿಯುವುದು. ರಾತ್ರಿ ನೋಡಿದರೆ 1,900 ಹೆಜ್ಜೆ, 'ನೀವು ಇಂದು ಚುರುಕಾಗಿಲ್ಲ' ಅಂತ ಕೆಂಪು ಅಕ್ಷರ. ಸೀರೆಗೆ ಜೇಬಿಲ್ಲ ಸ್ವಾಮಿ. ಫೋನ್ ಅಡುಗೆಮನೆಯ ಕಟ್ಟೆ ಮೇಲೆ ಇರುತ್ತದೆ. ಅದೇ ಫೋನನ್ನು ಪರ್ಸಿನಲ್ಲಿ ಹಾಕಿ ಸ್ಕೂಟಿ ಮೇಲೆ ಹೋದರೆ ನಮ್ಮ ಹುಬ್ಬಳ್ಳಿಯ ತಗ್ಗುಗಳಿಗೆ ಹೆಜ್ಜೆ ಏರುತ್ತದೆ. ಒಳಗಿನ ಸೆನ್ಸರಿಗೆ ತಿಳಿಯುವುದು ಅಲುಗಾಟ ಅಷ್ಟೇ. ಇನ್ನು ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು ಅದು. ಹಾರ್ವರ್ಡಿನ ಐ-ಮಿನ್ ಲೀ 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಒಳ್ಳೆಯದು ಕಂಡಿತ್ತು. 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅತ್ತೆ 5,000 ನಡೆದು ಬಂದ ದಿನ ಆ್ಯಪ್ ಅವರಿಗೆ 'ಅರ್ಧ ಗುರಿ ಮಾತ್ರ' ಅಂತ ಹೇಳಿತು. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಅದೇ ಆ್ಯಪ್ ನನ್ನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 24.6, ಹಸಿರು, ಎಲ್ಲ ಸರಿ ಅಂದಿತು. ನಮ್ಮ ದೇಶದವರಿಗೆ 23 ದಾಟಿದರೇ ತೂಕ ಜಾಸ್ತಿ ಅಂತ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ.

ಊಟ ಬರೆದಿಡುವ ಆ್ಯಪಿನಲ್ಲಿ 'ಜೋಳದ ರೊಟ್ಟಿ' ಹುಡುಕಿದೆ. ಸಿಗಲಿಲ್ಲ. 'ಜೋವರ್ ರೋಟಿ' ಅಂದರೆ ಏಳು ಸಿಕ್ಕವು. ಒಂದರಲ್ಲಿ 70 ಕ್ಯಾಲೊರಿ, ಇನ್ನೊಂದರಲ್ಲಿ 210. ಯಾವುದನ್ನು ಒತ್ತುವುದು? ಕೊನೆಗೆ ತಕ್ಕಡಿ ತಗೊಂಡು ಹತ್ತು ರೊಟ್ಟಿಗೆ ಎಷ್ಟು ಹಿಟ್ಟು ಹೋಯಿತು ಅಂತ ತೂಗಿದೆ. 450 ಗ್ರಾಂ. 100 ಗ್ರಾಂ ಜೋಳಕ್ಕೆ 330ರಿಂದ 350 ಕ್ಯಾಲೊರಿ. ಅಂದರೆ ನಮ್ಮ ಮನೆಯ ಒಂದು ರೊಟ್ಟಿಗೆ 150ರ ಆಸುಪಾಸು. ಅಡುಗೆಮನೆಯ ಕಟ್ಟೆ ಮೇಲೆ ನಾನು ಹತ್ತು ನಿಮಿಷದಲ್ಲಿ ಮಾಡಿದ ಲೆಕ್ಕ ಇದು. ಪುಂಡಿ ಪಲ್ಯ, ಗುರೆಳ್ಳು ಹಿಂಡಿ ಹುಡುಕುವ ಗೋಜಿಗೇ ಹೋಗಲಿಲ್ಲ.

ದುಡ್ಡಿನ ಮಾತು ಹೇಳಿಬಿಡುತ್ತೇನೆ, ಇನ್ನೊಬ್ಬರಿಗೆ ಹೀಗೆ ಆಗಬಾರದು. ಮೊದಲ ಆ್ಯಪಿನವರು ಏಳು ದಿನ ಉಚಿತ ಅಂದರು. ಉಚಿತಕ್ಕೂ ಮೊದಲು ಯುಪಿಐ ಆಟೋಪೇ (ದುಡ್ಡು ತಾನಾಗಿಯೇ ಕಡಿತವಾಗುವುದು) ಒಪ್ಪಿಸಿಕೊಂಡರು. ಕಾಲು ನೋವು ಬಂತು, ಐದನೇ ದಿನ ಆ್ಯಪ್ ತೆಗೆದು ಹಾಕಿದೆ. ಮುಗಿಯಿತು ಅಂದುಕೊಂಡೆ. 1,499 ರೂಪಾಯಿ ಹೋಯಿತು. ಕಡಿತಕ್ಕೆ 24 ತಾಸು ಮೊದಲು ಬರಬೇಕಾದ ಸಂದೇಶ ಬಂದಿತ್ತು, ಸಾಲ ಬೇಕಾ ಅನ್ನುವ ಮೆಸೇಜುಗಳ ನಡುವೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ನೆನಪಿಡಿ. ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೊ ಒತ್ತಿ, ಪಾವತಿ ಮತ್ತು ಚಂದಾದಾರಿಕೆ ಅನ್ನುವಲ್ಲಿ ಹೋಗಿ ರದ್ದು ಮಾಡಬೇಕು. ಯುಪಿಐ ಆ್ಯಪಿನ ಆಟೋಪೇ ಪಟ್ಟಿಯನ್ನೂ ನೋಡಬೇಕು. ದುಡ್ಡು ವಾಪಸ್ ಕೇಳುವುದಿದ್ದರೆ ಮೊದಲ 48 ತಾಸಿನೊಳಗೇ ಪ್ಲೇ ಸ್ಟೋರಿನಲ್ಲಿ ಕೇಳಿ. ನಾನು ನೋಡಿದ್ದು ದುಡ್ಡು ಹೋದ ನಾಲ್ಕನೇ ದಿನ. ಆ ದುಡ್ಡಿಗೆ ಅತ್ತೆಗೆ ಒಂದು ಜೊತೆ ನಡಿಗೆಯ ಶೂ ಬರುತ್ತಿತ್ತು.

ಈಗ ಬೆಳಗ್ಗೆ ಅತ್ತೆ, ನಾನು ಉಣಕಲ್ ಕೆರೆಗೆ ಹೋಗುತ್ತೇವೆ. 30 ನಿಮಿಷ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಅಲ್ಲಿಗೆ ಆಗುತ್ತದೆ. ನನ್ನ ಮೊಣಕಾಲು ಹಿಡಿದರೆ ಅತ್ತೆ ಬೆಂಚಿನ ಮೇಲೆ ಕೂಡಿಸುತ್ತಾರೆ. 'ಕೂಡ ಸ್ವಲ್ಪ, ಗಡಿಬಿಡಿ ಏನೈತಿ' ಅನ್ನುತ್ತಾರೆ.

ಆ ಐದು ಸ್ಟಾರನ್ನು ಒಂದಕ್ಕೆ ಇಳಿಸಿದ್ದೇನೆ. ಯಾಕೆ ಅಂತ ಕನ್ನಡದಲ್ಲೇ ಬರೆದಿದ್ದೇನೆ, ಮೊಣಕಾಲಿನಿಂದ ಆಟೋಪೇವರೆಗೆ. ನಿಮ್ಮಲ್ಲಿ ಯಾರಾದರೂ ಆತುರದಲ್ಲಿ ಹಾಗೆ ಒತ್ತಿದ್ದರೆ ದಯವಿಟ್ಟು ಹೋಗಿ ಬದಲಿಸಿ. ಜೋಳದ ರೊಟ್ಟಿ ಗೊತ್ತಿರುವ, ಮೊಣಕಾಲಿನ ಬಗ್ಗೆ ಮೊದಲು ಕೇಳುವ ಆ್ಯಪ್ ಯಾವುದಾದರೂ ಇದ್ದರೆ ಹೇಳಿ. ಆದರೆ ಮೂರು ವಾರ ಬಳಸಿದವರು ಮಾತ್ರ ಹೇಳಿ.