ಕ್ವಿಲ್ಟ್ ಸಾಫ್ಟ್‌ವೇರ್ ಕೊಳ್ಳುವ ಮೊದಲು ಹತ್ತು ಇಂಚಿನ ಬ್ಲಾಕ್ ಬಿಡಿಸಿ ನೋಡಿ

ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರಗಳನ್ನು ಸೇರಿಸಿ ಹೊಲಿದ ಹೊದಿಕೆಯೇ ಕ್ವಿಲ್ಟ್. ಅದನ್ನು ಹೊಲಿಯಲು ಹೊಸದಾಗಿ ಆರಂಭಿಸಿದವರು ಸೂಜಿ, ಕಟರ್, ಅಳತೆಪಟ್ಟಿ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆಗಳಲ್ಲಿ ಒಂದು, ವಿನ್ಯಾಸಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬುದು. ಕರ್ನಾಟಕದ ಹೊರಗೆ ನೆಲೆಸಿ ಇಲ್ಲಿನವರ ಜೊತೆ ಈ ಕೆಲಸ ಕಲಿತ ನನಗೆ, ಆ ಪ್ರಶ್ನೆಗೆ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು ಎನಿಸುತ್ತದೆ. ನೀವು ಹೊಲಿಯಬೇಕೆಂದಿರುವ ಕ್ವಿಲ್ಟ್ ಬಟ್ಟೆಯಿಂದ ಹುಟ್ಟುವಂಥದ್ದೋ, ಚಿತ್ರದಿಂದ ಹುಟ್ಟುವಂಥದ್ದೋ? ಈ ಎರಡಕ್ಕೂ ಒಂದೇ ಸಾಧನ ಹೊಂದುವುದಿಲ್ಲ.

ನಮ್ಮ ಕೌದಿ ಮೊದಲನೆಯ ಬಗೆಯದು. ಹಳೆಯ ಸೀರೆ ಮತ್ತು ಧೋತರಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲಿರುವ ತುಂಡುಗಳನ್ನು ಮೇಲಿಟ್ಟು, ತುಂಡು ಕೂಡಿಸುವುದನ್ನೂ ಪದರ ಹಿಡಿದಿಡುವುದನ್ನೂ ಒಂದೇ ಹೊಲಿಗೆಯಲ್ಲಿ ಮುಗಿಸುತ್ತಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯಲ್ಲಂತೂ ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಮುಂದಿನ ತುಂಡು ಯಾವುದು ಎಂಬುದು ಹಿಂದಿನ ತುಂಡನ್ನು ಹೊಲಿದ ಮೇಲೆ ತೀರ್ಮಾನವಾಗುತ್ತದೆ. ಬ್ಲಾಕ್ ಕ್ವಿಲ್ಟ್ ಇದಕ್ಕೆ ಬೇರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಳಕೆಗೆ ಬಂದು ಬೆಳೆದ ಆ ಪದ್ಧತಿಯಲ್ಲಿ ಮೇಲ್ಪದರವನ್ನು ಬ್ಲಾಕ್ ಎಂಬ ಚೌಕ ಚೌಕಗಳಾಗಿ ಬೇರೆಯಾಗಿ ಜೋಡಿಸಿ, ಆಮೇಲೆ ನಡುವಿನ ಹತ್ತಿಯ ಪದರವನ್ನೂ ಅಡಿಯ ಬಟ್ಟೆಯನ್ನೂ ಸೇರಿಸಿ ಹೊಲಿಯುತ್ತಾರೆ. ಮೇಲ್ಪದರ ಬೇರೆಯಾಗಿ ಸಿದ್ಧವಾಗಬೇಕಾದ್ದರಿಂದ ಪ್ರತಿ ತುಂಡಿನ ಅಳತೆಯೂ ಕತ್ತರಿ ಹಾಕುವ ಮೊದಲೇ ಗೊತ್ತಿರಬೇಕು. ಇಂದು ಸಿಗುವ ಕ್ವಿಲ್ಟ್ ಸಾಫ್ಟ್‌ವೇರ್‌ಗಳೆಲ್ಲ ಬಹುಮಟ್ಟಿಗೆ ಈ ಎರಡನೆಯ ಪದ್ಧತಿಯ ಅಗತ್ಯಕ್ಕಾಗಿ ರೂಪುಗೊಂಡಿವೆ. ಕೌದಿಯ ರೀತಿಯಲ್ಲಿ ಹೊಲಿಯುವ ಆಸೆ ಇರುವವರು ಅವುಗಳಿಗಾಗಿ ಹಣ ಖರ್ಚು ಮಾಡಬೇಕಾಗಿಲ್ಲ. ತುಂಡುಗಳನ್ನು ನೆಲದ ಮೇಲೆ ಹರಡಿ ಫೋನಿನಲ್ಲಿ ಫೋಟೋ ತೆಗೆದು ನೋಡಿದರೆ ಬೇಕಾದಷ್ಟಾಯಿತು.

ಬ್ಲಾಕ್ ಪದ್ಧತಿಯನ್ನೇ ಆರಿಸಿಕೊಂಡವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಮೂರು: ಒಂದು ಬ್ಲಾಕನ್ನು ಕ್ವಿಲ್ಟಿನ ತುಂಬ ಹರಡಿ ತೋರಿಸುವುದು, ಬಣ್ಣ ಬದಲಿಸಿ ತೋರಿಸುವುದು, ಮತ್ತು ಲೆಕ್ಕ. ಜಾಹೀರಾತುಗಳಲ್ಲಿ ಮೆರೆಯುವುದು ಮೊದಲ ಎರಡು. ಆರಂಭಿಕರ ಬಟ್ಟೆಯನ್ನು ಉಳಿಸುವುದು ಮೂರನೆಯದು.

ಲೆಕ್ಕ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ವಿಲ್ಟಿನಲ್ಲಿ ಹೊಲಿಗೆಗೆ ಬಿಡುವ ಮಾರ್ಜಿನ್ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಹೊಲಿದ ಮೇಲೆ 3 ಇಂಚು ಕಾಣಬೇಕಾದ ಚೌಕವನ್ನು 3½ ಇಂಚಿಗೆ ಕತ್ತರಿಸಬೇಕು. ಇದು ಯಾರಿಗಾದರೂ ಹೊಳೆಯುತ್ತದೆ. ಆದರೆ ಚೌಕವನ್ನು ಕರ್ಣದ ಗುಂಟ ಸೀಳಿ ಎರಡು ತ್ರಿಕೋನ ಮಾಡಬೇಕಾದಾಗ ಅರ್ಧ ಇಂಚು ಸೇರಿಸಿದರೆ ಸಾಲದು, ⅞ ಇಂಚು ಸೇರಿಸಬೇಕು. ಓರೆ ಅಂಚಿನಲ್ಲಿಯೂ ಕಾಲು ಇಂಚು ಒಳಗೆ ಹೋಗುತ್ತದೆ, ಮತ್ತು ಓರೆಯಲ್ಲಿ ಕಾಲು ಇಂಚು ಬಿಡಲು ನೇರ ಅಂಚಿನ ಉದ್ದದಲ್ಲಿ ಅದರ 1.414 ಪಟ್ಟು ಬೇಕಾಗುತ್ತದೆ. ಎಲ್ಲವನ್ನೂ ಕೂಡಿದರೆ 0.854 ಬರುತ್ತದೆ, ಅಳತೆಪಟ್ಟಿಯಲ್ಲಿ ಅದಕ್ಕೆ ಸಮೀಪದ, ಸ್ವಲ್ಪ ಹೆಚ್ಚಿನ ಗೆರೆಯೇ ⅞. ಇದನ್ನು ಒಂದು ಸಲ ಗ್ರಾಫ್ ಹಾಳೆಯ ಮೇಲೆ ಬರೆದು, ತ್ರಿಕೋನದ ಸುತ್ತ ಮಾರ್ಜಿನ್ ಎಳೆದು ನೋಡಿದವರಿಗೆ ಸಾಫ್ಟ್‌ವೇರ್ ಕೊಡುವ, ಕತ್ತರಿಸುವ ಅಳತೆಗಳ ಪಟ್ಟಿ ಓದಲು ಬರುತ್ತದೆ. ನೋಡದವರಿಗೆ ಅದು ಕಣ್ಣು ಮುಚ್ಚಿ ನಂಬಬೇಕಾದ ಅಂಕಿಗಳ ಸಾಲು ಮಾತ್ರ. ಆದ್ದರಿಂದ ಮೊದಲ ಕ್ವಿಲ್ಟನ್ನು ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲ್‌ಗಳಲ್ಲಿಯೇ ಯೋಜಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ಸಾಫ್ಟ್‌ವೇರ್‌ಗಳನ್ನು ತೂಗಿ ನೋಡಲು ಒಂದು ಸರಳ ಪರೀಕ್ಷೆ ಇದೆ. ಒಂಬತ್ತು ಚೌಕಗಳ ನೈನ್ ಪ್ಯಾಚ್ ಬ್ಲಾಕನ್ನು 9 ಇಂಚಿಗೆ ಬಿಡಿಸಿ, ಕತ್ತರಿಸುವ ಅಳತೆ ಕೇಳಿ. ಎಲ್ಲ ಸಾಫ್ಟ್‌ವೇರ್‌ಗಳೂ 3½ ಎಂದೇ ಹೇಳುತ್ತವೆ. ಈಗ ಅದೇ ಬ್ಲಾಕನ್ನು 10 ಇಂಚಿಗೆ ಹಿಗ್ಗಿಸಿ ಮತ್ತೆ ಕೇಳಿ. ನಿಜವಾದ ಅಳತೆ 3.833 ಇಂಚು, ಅಂಥ ಗೆರೆ ಯಾವ ಅಳತೆಪಟ್ಟಿಯಲ್ಲಿಯೂ ಇಲ್ಲ. ಅದನ್ನು 3⅞ ಎಂದು ಮುಂದಕ್ಕೆ ಸರಿಸಿದರೆ ಬ್ಲಾಕ್ ⅛ ಇಂಚು ದೊಡ್ಡದಾಗುತ್ತದೆ, ಎಂಟು ಬ್ಲಾಕಿನ ಸಾಲಿನಲ್ಲಿ ಅದು ಒಂದು ಇಂಚಾಗುತ್ತದೆ. ಎಲ್ಲ ಬ್ಲಾಕ್‌ಗಳೂ ಒಂದೇ ಬಗೆಯವಾದರೆ ಕ್ವಿಲ್ಟ್ ಸ್ವಲ್ಪ ದೊಡ್ಡದಾಯಿತೆಂದು ಸುಮ್ಮನಿರಬಹುದು. ಆದರೆ ಪಕ್ಕದಲ್ಲಿ ನಾಲ್ಕು ಚೌಕದ, ಕರಾರುವಾಕ್ಕಾದ 10 ಇಂಚಿನ ಬ್ಲಾಕ್ ಇದ್ದರೆ ಹೊಲಿಗೆ ಹೊಲಿಗೆಗೆ ಸೇರುವುದಿಲ್ಲ. ಪರದೆಯ ಮೇಲೆ ಎರಡೂ ಬ್ಲಾಕ್‌ಗಳು ಅಂದವಾಗಿ ಕೂಡಿಕೊಂಡೇ ಕಾಣುತ್ತವೆ. ಅಳತೆಯನ್ನು ಹತ್ತಿರದ ಭಿನ್ನಾಂಕಕ್ಕೆ ಸರಿಸಿದ್ದೇನೆ ಎಂದು ತಿಳಿಸುವ, ಎಷ್ಟಕ್ಕೆ ಸರಿಸಬೇಕೆಂದು ನಿಮ್ಮನ್ನೇ ಕೇಳುವ ಸಾಫ್ಟ್‌ವೇರ್ ನಂಬಿಕೆಗೆ ಅರ್ಹ. ಸೆಂಟಿಮೀಟರಿನಲ್ಲಿ ಹೊಲಿಯುವವರು ಇನ್ನೊಂದನ್ನು ಗಮನಿಸಬೇಕು: ಮೆಟ್ರಿಕ್ ವಿನ್ಯಾಸಗಳಲ್ಲಿ ಮಾರ್ಜಿನ್ ಅನೇಕ ಸಲ 0.75 ಸೆಂಟಿಮೀಟರ್ ಆಗಿರುತ್ತದೆ. ಇಂಚಿನ ಅಳತೆಯನ್ನು 2.54ರಿಂದ ಗುಣಿಸಿ ತೋರಿಸುವುದು ಮತ್ತು ಸೆಂಟಿಮೀಟರಿನಲ್ಲಿಯೇ ವಿನ್ಯಾಸ ಮಾಡಲು ಬಿಡುವುದು ಎರಡು ಬೇರೆ ಬೇರೆ ಸೌಲಭ್ಯಗಳು.

ಬಟ್ಟೆಯ ಅಂದಾಜನ್ನೂ ಇದೇ ರೀತಿ ಪರೀಕ್ಷಿಸಬಹುದು. 3½ ಇಂಚಿನ 80 ಚೌಕಗಳು ಬೇಕು, ಬಟ್ಟೆಯ ಬಳಕೆಯ ಅಗಲ 40 ಇಂಚು ಎಂದುಕೊಳ್ಳಿ. ಬರಿಯ ವಿಸ್ತೀರ್ಣ ಲೆಕ್ಕ ಹಾಕಿದರೆ 24½ ಇಂಚು ಉದ್ದ ಸಾಕು ಎನ್ನಿಸುತ್ತದೆ. ಆದರೆ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುವಾಗ ಒಂದು ಪಟ್ಟಿಗೆ 11 ಚೌಕ ಮಾತ್ರ ಸಿಗುತ್ತವೆ, ಎಂಟು ಪಟ್ಟಿ ಬೇಕಾಗುತ್ತವೆ, ಉದ್ದ 28 ಇಂಚಾಗುತ್ತದೆ. ವಿಸ್ತೀರ್ಣವನ್ನು ನಂಬಿದವರಿಗೆ ಕಡೆಯ ಒಂದು ಪಟ್ಟಿ ಕಡಿಮೆ ಬೀಳುತ್ತದೆ.

ಇನ್ನು ಹೆಸರುಗಳ ವಿಚಾರ. ಎಲೆಕ್ಟ್ರಿಕ್ ಕ್ವಿಲ್ಟ್ ಸಂಸ್ಥೆ 2017ರಲ್ಲಿ ಹೊರತಂದ ಇಕ್ಯೂ8 ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲಿರುವ ಸಾಫ್ಟ್‌ವೇರ್. ಅದನ್ನು ವಿಂಡೋಸ್ ಅಥವಾ ಮ್ಯಾಕ್ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳಬೇಕು. ಸಾವಿರಾರು ಬ್ಲಾಕ್‌ಗಳು ಅದರ ಸಂಗ್ರಹದಲ್ಲಿಯೇ ಇವೆ, ಹಣವನ್ನು ಒಂದೇ ಸಲ ಕೊಟ್ಟರೆ ಸಾಕು. ಅದರ ಶಕ್ತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆದರೂ ಅದು ಮೊದಲ ತಿಂಗಳಿನ ಸಾಧನ ಅಲ್ಲ. ಉದಾಹರಣೆಗೆ, ಅದರಲ್ಲಿ ಸ್ವಂತ ಬ್ಲಾಕ್ ಬಿಡಿಸುವಾಗ ಎಳೆದ ಗೆರೆಯ ತುದಿ ಇನ್ನೊಂದು ಗೆರೆಗೆ ಸರಿಯಾಗಿ ತಾಗದಿದ್ದರೆ ಆ ತುಂಡು ಬೇರೆಯದೆಂದು ಗುರುತಾಗುವುದಿಲ್ಲ, ಬಣ್ಣ ತುಂಬಿದರೆ ಪಕ್ಕದ ತುಂಡಿಗೂ ಹರಿಯುತ್ತದೆ. ಕ್ವಿಲ್ಟನ್ನೇ ಇನ್ನೂ ಕಲಿಯುತ್ತಿರುವವರಿಗೆ ತೊಡಕು ವಿನ್ಯಾಸದಲ್ಲಿದೆಯೋ ಸಾಧನದಲ್ಲಿದೆಯೋ ಎಂದು ಬಿಡಿಸಿಕೊಳ್ಳುವುದು ಕಷ್ಟ. ಬ್ರೌಸರಿನಲ್ಲಿಯೇ ನಡೆಯುವ ಪ್ರಿಕ್ವಿಲ್ಟ್‌ನಂಥವು ಹಗುರವಾಗಿವೆ, ಬಣ್ಣಗಳ ಜೊತೆ ಆಡಲು ಬಹಳ ಒಳ್ಳೆಯವು. ವಿಂಡೋಸ್ ಇರುವವರಿಗೆ ಕ್ವಿಲ್ಟ್ ಅಸಿಸ್ಟೆಂಟ್ ಉಚಿತವಾಗಿ ಸಿಗುತ್ತದೆ. ಇಂಕ್‌ಸ್ಕೇಪ್ ಕೂಡ ಉಚಿತ, ಗೆರೆ ಎಳೆಯಲು ಅದು ಸೊಗಸಾಗಿದೆ, ಆದರೆ ಅದಕ್ಕೆ ಕ್ವಿಲ್ಟ್ ಎಂದರೇನೆಂದು ಗೊತ್ತಿಲ್ಲವಾದ್ದರಿಂದ ಮಾರ್ಜಿನ್ ಮತ್ತು ಬಟ್ಟೆಯ ಲೆಕ್ಕ ನಿಮ್ಮ ಹೆಗಲ ಮೇಲೆಯೇ ಉಳಿಯುತ್ತದೆ.

ತಿಂಗಳ ಚಂದಾ ಕೇಳುವ ಸಾಫ್ಟ್‌ವೇರ್ ಆರಿಸಿಕೊಳ್ಳುವವರು, ಚಂದಾ ನಿಲ್ಲಿಸಿದ ಮೇಲೆ ತಮ್ಮ ವಿನ್ಯಾಸಗಳ ಗತಿ ಏನೆಂದು ಮೊದಲೇ ಓದಿಕೊಳ್ಳಬೇಕು. ಕೈ ಹೊಲಿಗೆಯ ಕ್ವಿಲ್ಟ್ ಮುಗಿಯಲು ವರ್ಷಗಳೇ ಹಿಡಿಯಬಹುದು. ಕತ್ತರಿಸುವ ಪಟ್ಟಿಯನ್ನು ಪಿಡಿಎಫ್ ಆಗಿ ಇಳಿಸಿ ಇಟ್ಟುಕೊಳ್ಳಲು ಬಿಡದ ಸಾಧನವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಬಣ್ಣದ ವಿಚಾರದಲ್ಲಿ ಪರದೆ ಕೊಡುವ ಸುಖಕ್ಕೆ ಮಿತಿ ಇದೆ. ಪರದೆಯ ಬಣ್ಣ ಬೆಳಕಿನಿಂದ ಬಂದದ್ದು, ಬಟ್ಟೆಯ ಬಣ್ಣ ಬೆಳಕನ್ನು ಹಿಂದಿರುಗಿಸುವುದರಿಂದ ಬಂದದ್ದು. ಹೊಲಿದಾದ ಮೇಲೆ ಎರಡೂ ಒಂದೇ ರೀತಿ ಕಾಣಬೇಕೆಂದು ಬಯಸುವುದು ನ್ಯಾಯವಲ್ಲ. ಬಟ್ಟೆಯ ಚಿತ್ರವನ್ನು ಒಳಗೆ ತಂದು ಬ್ಲಾಕಿಗೆ ತುಂಬುವ ಸೌಲಭ್ಯವಿದ್ದರೆ, ಆ ಚಿತ್ರ ನಿಜವಾದ ಗಾತ್ರಕ್ಕೆ ಹೊಂದಿದೆಯೇ ಎಂದು ನೋಡಬೇಕು. ನಾಲ್ಕು ಇಂಚಿನ ಹೂವಿರುವ ಬಟ್ಟೆಯಿಂದ ಎರಡು ಇಂಚಿನ ಚೌಕ ಕತ್ತರಿಸಿದರೆ ಹೂವು ಉಳಿಯುವುದಿಲ್ಲ, ಒಂದೊಂದು ಚೌಕಕ್ಕೆ ಒಂದೊಂದು ಎಸಳಿನ ಚೂರು ಬರುತ್ತದೆ. ಗಾತ್ರ ತಪ್ಪಿದ ಚಿತ್ರವಾದರೆ ಪರದೆಯ ಮೇಲೆ ಪ್ರತಿ ಚೌಕದಲ್ಲಿಯೂ ಇಡೀ ಹೂವು ಅರಳಿ ನಿಂತಿರುತ್ತದೆ. ತಿಳಿ ಮತ್ತು ಗಾಢ ಬಣ್ಣಗಳ ಅಂತರ ಸಾಕಷ್ಟಿದೆಯೇ ಎಂದು ತಿಳಿಯಲು ಬಟ್ಟೆಗಳನ್ನು ಪಕ್ಕ ಪಕ್ಕ ಇಟ್ಟು ಕಪ್ಪುಬಿಳುಪಿನಲ್ಲಿ ಫೋಟೋ ತೆಗೆಯುವುದೇ ಈಗಲೂ ಒಳ್ಳೆಯ ದಾರಿ.

ಕಾಗದದ ಮೇಲೆಯೇ ಹೊಲಿಯುವ ಪೇಪರ್ ಪೀಸಿಂಗ್‌ಗೆ ಬಂದರೆ ಸಾಫ್ಟ್‌ವೇರಿನ ಬೆಲೆ ನಿಜಕ್ಕೂ ತಿಳಿಯುತ್ತದೆ, ಏಕೆಂದರೆ ಪ್ರತಿ ಭಾಗವನ್ನೂ ಹೊಲಿಯುವ ಕ್ರಮದ ಅಂಕಿಯೊಂದಿಗೆ ಅದು ಮುದ್ರಿಸಿ ಕೊಡುತ್ತದೆ. ಮುದ್ರಿಸುವಾಗ ಅಳತೆ ನೂರು ಪ್ರತಿಶತ ಇರಬೇಕು. ಪುಟಕ್ಕೆ ಹೊಂದಿಸು ಎಂಬ ಆಯ್ಕೆ ಉಳಿದುಬಿಟ್ಟರೆ ಇಡೀ ಬ್ಲಾಕ್ ಸದ್ದಿಲ್ಲದೆ ಕುಗ್ಗುತ್ತದೆ. ಪುಟದ ಮೂಲೆಯಲ್ಲಿ ಒಂದು ಇಂಚಿನ ಪರೀಕ್ಷಾ ಚೌಕವನ್ನು ಮುದ್ರಿಸುವ ಸಾಫ್ಟ್‌ವೇರ್ ಸಿಕ್ಕರೆ, ಮೊದಲ ಪುಟ ಹೊರಬಂದ ಕೂಡಲೇ ಆ ಚೌಕಕ್ಕೆ ಅಳತೆಪಟ್ಟಿ ಇಡಿ.

ಬ್ಲಾಕ್‌ಗಳನ್ನು ಮೂಲೆ ಮೇಲಾಗಿ ಓರೆಯಾಗಿ ಕೂರಿಸುವ ಕ್ವಿಲ್ಟ್‌ಗಳಲ್ಲಿಯೂ ಹಾಗೆಯೇ. 12 ಇಂಚಿನ ಬ್ಲಾಕ್ ಓರೆಯಾಗಿ ಕೂತಾಗ ಸುಮಾರು 17 ಇಂಚು ಅಗಲ ಹಿಡಿಯುತ್ತದೆ. ಅಂಚಿನ ತ್ರಿಕೋನಗಳಿಗೆ 18¼ ಇಂಚಿನ ಚೌಕವನ್ನು ನಾಲ್ಕಾಗಿ ಸೀಳಬೇಕು, ಮೂಲೆಯ ತ್ರಿಕೋನಗಳಿಗೆ 9⅜ ಇಂಚಿನ ಚೌಕವನ್ನು ಎರಡಾಗಿ ಸೀಳಬೇಕು, ಮತ್ತು ಬ್ಲಾಕಿನ ಗಾತ್ರ ಅರ್ಧ ಇಂಚು ಬದಲಾದರೂ ಈ ಎಲ್ಲ ಅಂಕಿಗಳನ್ನು ಹೊಸದಾಗಿ ಹಾಕಬೇಕು. ಗ್ರಾಫ್ ಹಾಳೆಯ ನೇರ ಚೌಕಗಳು ಇಲ್ಲಿ ನೆರವಿಗೆ ಬರುವುದಿಲ್ಲ. ಒಂದೆರಡು ನೇರ ಕ್ವಿಲ್ಟ್‌ಗಳನ್ನು ಕೈಯಿಂದ ಲೆಕ್ಕ ಹಾಕಿ ಹೊಲಿದು, ಇಂಥದ್ದೊಂದನ್ನು ಕೈಗೆತ್ತಿಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ, ಇಕ್ಯೂ8ರಂಥ ದೊಡ್ಡ ಸಾಫ್ಟ್‌ವೇರನ್ನು ಈಗ ಕೊಳ್ಳಿ ಎಂದು ಹಿಂಜರಿಯದೆ ಹೇಳುತ್ತೇನೆ.