ಹೊಂಡ ಕೋಡಿ ಬಿದ್ದರೆ ಮೀನು ಎಲ್ಲಿಗೆ ಹೋಗುತ್ತೆ?

"ಜೀನ್ ತಿದ್ದಿದ ಮೀನು ತಿಂದ್ರೆ ಕ್ಯಾನ್ಸರ್ ಗ್ಯಾರಂಟಿ" ಅಂತ ನಮ್ಮ ಕಡೆ ಒಂದು ಫಾರ್ವರ್ಡ್ ಓಡಾಡ್ತಾ ಇದೆ. ಅದರ ಕೆಳಗೇ ಕೃಷಿಹೊಂಡದಲ್ಲಿ ಕಾಟ್ಲಾ ಸಾಕೋ ಒಬ್ಬರು, "ಬೇಗ ಬೆಳೆಯುತ್ತೆ ಅಂದ್ರೆ ನಂಗೂ ಮರಿ ಕೊಡ್ಸಿ ಮಾರಾಯ್ರೆ" ಅಂದಿದ್ದಾರೆ. ಇಬ್ಬರ ಮೇಲೂ ನನ್ನ ತಕರಾರಿದೆ.

ತಿನ್ನೋ ವಿಷಯ ಮೊದಲು ಮುಗಿಸೋಣ. ಅಮೆರಿಕದ ಎಫ್‌ಡಿಎ (ಆಹಾರ, ಔಷಧಿಗೆ ಒಪ್ಪಿಗೆ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆ) 2015ರಲ್ಲಿ ಒಪ್ಪಿದ್ದು ಅಕ್ವಾಅಡ್ವಾಂಟೇಜ್ ಅನ್ನೋ, ಜೀನ್ ತಿದ್ದಿದ ಸಾಲ್ಮನ್ ಮೀನು. ಅಟ್ಲಾಂಟಿಕ್ ಸಾಲ್ಮನ್‌ಗೆ ಚಿನೂಕ್ ಸಾಲ್ಮನ್ನಿನ ಬೆಳವಣಿಗೆ ಹಾರ್ಮೋನಿನ ಜೀನು, ಅದು ವರ್ಷವಿಡೀ ಚಾಲೂ ಇರಲಿ ಅಂತ ಓಷನ್ ಪೌಟ್ ಅನ್ನೋ ಇನ್ನೊಂದು ಮೀನಿನ ಜೀನ್ ಸ್ವಿಚ್ಚು. ಮೂರು ವರ್ಷ ಹಿಡಿಯೋ ಬೆಳವಣಿಗೆ ಒಂದೂವರೆ ವರ್ಷಕ್ಕೇ ಮುಗಿಯುತ್ತೆ. ಕೋಳಿಸಾರು ಉಂಡರೂ ಹೊಟ್ಟೆಗೆ ಜೀನು ಹೋಗುತ್ತೆ, ಜೀರ್ಣ ಆಗುತ್ತೆ. ಕ್ಯಾನ್ಸರ್ ಕತೆ ಬಿಡಿ.

ಆದರೆ ಆ ಒಪ್ಪಿಗೆಯ ಷರತ್ತು ನೋಡಿ. ನೆಲದ ಮೇಲಿನ ತೊಟ್ಟಿಯಲ್ಲೇ ಸಾಕಬೇಕು, ನೀರು ಹೊರಹೋಗೋ ಕಡೆಯೆಲ್ಲ ಜಾಳಿಗೆ ಇರಬೇಕು, ಎಲ್ಲವೂ ಹೆಣ್ಣೇ ಆಗಿರಬೇಕು, ಸಂತಾನ ಆಗದ ಹಾಗೆ ವರ್ಣತಂತುಗಳ ಮೂರು ಸೆಟ್ ಇರಬೇಕು. ಇಷ್ಟೆಲ್ಲ ಇದ್ದೂ, ಮೀನು ತಪ್ಪಿಸಿಕೊಂಡರೆ ಏನಾಗುತ್ತೆ ಅಂತ ಸರಿಯಾಗಿ ಪರಿಶೀಲಿಸಿಲ್ಲ ಅಂತ 2020ರಲ್ಲಿ ಅಲ್ಲಿನ ಕೋರ್ಟು ಎಫ್‌ಡಿಎಗೆ ಹೇಳಿತು. 2024ರ ಕೊನೆಗೆ ದುಡ್ಡು ಸಾಲದೆ ಕಂಪನಿಯೇ ಸಾಕಣೆ ನಿಲ್ಲಿಸ್ತು.

ಈಗ ನಮ್ಮ ಕಡೆ ಬನ್ನಿ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ಮಳೆಗೆ ಕೋಡಿ ಬೀಳದ ಹೊಂಡ ಯಾವುದಿದೆ? ಆ ನೀರು ತೋಟದ ಬಸಿಗಾಲುವೆಗೆ, ಅಲ್ಲಿಂದ ಗದ್ದೆಗೆ, ಹಳ್ಳಕ್ಕೆ, ಕೊನೆಗೆ ತುಂಗೆಗೋ ಶರಾವತಿಗೋ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನು ಗದ್ದೆಗೆ ಹತ್ತೋದೂ ಇದೇ ದಾರೀಲಿ. ಕೂಣಿ ಅನ್ನೋ ಬಿದಿರಿನ ಬುಟ್ಟಿ ಒಡ್ಡಿ ಹೀಗೆ ಹತ್ತಿ ಬರೋ ಮೀನು ಹಿಡಿದವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೋಡಿಗೆ ಬಲೆ ಕಟ್ಟಿದ್ದೀವಲ್ಲ ಅಂತೀರಾ? ತರಗೆಲೆ, ಅಡಿಕೆ ಹಾಳೆ ಬಂದು ಬಲೆಗೆ ಮೆತ್ತಿಕೊಳ್ಳುತ್ತೆ, ನೀರು ಹೊಂಡದ ಏರಿಯ ಮಟ್ಟಕ್ಕೆ ಬರುತ್ತೆ. ಆಗ ಟಾರ್ಚ್ ಹಿಡಿದು ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಬಲೆ ಎತ್ತೋರು ನಾವೇ. ಮೀನು ಹೋದ್ರೆ ಹೋಗ್ಲಿ, ಏರಿ ಉಳೀಲಿ ಅಂತ!

ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಆಗಿ ಎರಡು ದಶಕ ದಾಟಿದೆ. ಆದರೂ ಕದ್ದು ಸಾಕೋರು ಇದ್ದಾರೆ, ದೇಶದ ಹೊಳೆ ಕೆರೆಗಳಿಗೆ ಅದು ಸೇರಿಯೂ ಆಗಿದೆ. ಅದರ ಜೀನನ್ನ ಯಾರೂ ಮುಟ್ಟಿರಲಿಲ್ಲ. ಬರೀ ಕಾಗದದ ಮೇಲಿನ ಷರತ್ತು ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆಯಾಗಿ ಹೇಳಿದೆ ಅಷ್ಟೆ.

ಬೇಗ ಬೆಳೆಯೋ ಮೀನು ಬೇಕು ಅನ್ನೋದು ನ್ಯಾಯವೇ, ಮೇವಿನ ರೇಟು ಗೊತ್ತಿದ್ದವರಾರೂ ಬೇಡ ಅನ್ನಲ್ಲ. ಮದುರೆ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ರೋಹು ಮೀನಿಗೆ ರೋಹುವಿನದೇ ಬೆಳವಣಿಗೆ ಹಾರ್ಮೋನಿನ ಜೀನು ಸೇರಿಸಿ ಬೇಗ ಬೆಳೆಸಿದ್ದೂ ಹಳೇ ಸುದ್ದಿ. ಸಂಶೋಧನೆ ತೊಟ್ಟಿಯೊಳಗೆ ನಡೀಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಭುವನೇಶ್ವರದ ಸೀಫಾ ಅನ್ನೋ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ ಯಾವ ಜೀನೂ ಸೇರಿಸದೆ, ಬರೀ ಒಳ್ಳೇ ಮೀನು ಆರಿಸಿ ಆರಿಸಿ ಬೆಳೆಸಿದ ಜಯಂತಿ ರೋಹು 1997ರಲ್ಲೇ ಬಂದಿದೆ. ತಲೆಮಾರಿಗೆ ಸರಾಸರಿ ಶೇ. 17ರಷ್ಟು ಹೆಚ್ಚು ಬೆಳವಣಿಗೆ. ನಾವು ಮರಿ ತರುವಾಗ ಇದು ಯಾವ ತಳಿ ಅಂತ ಯಾರಾದ್ರೂ ಕೇಳಿದ್ದೀವಾ? ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ ಕೈಗೆ ಕೊಡ್ತಾರೆ, ತಂದು ಹೊಂಡಕ್ಕೆ ಸುರೀತೀವಿ. ರೋಹು ಅಂತ ಕೊಟ್ಟಿದ್ದರಲ್ಲಿ ಕಾಟ್ಲಾ ಬೆರಕೆ ಎಷ್ಟಿದೆ ಅಂತ ಕೊಟ್ಟವರಿಗೂ ಗೊತ್ತಿರಲ್ಲ.

ಮೊದಲು ಆ ಚೀಲದ ಮೇಲೆ ತಳಿಯ ಹೆಸರು, ಎಲ್ಲಿ ಮರಿ ಮಾಡಿಸಿದ್ದು ಅಂತ ಬರೆದು ಕೊಡಲಿ. ಮದುರೆ ರೋಹು ಮಾತು ಆಮೇಲೆ ಆಡೋಣ.